ಕುದುರೆ ಎಷ್ಟು ಭಾರ? ಏರ್ ಪಿಸ್ತೂಲಿನ ಟ್ರಿಗರ್ ಮುಟ್ಟುವ ಮುನ್ನ

ಪುಣೆಯ ಬಾಲೇವಾಡಿಗೆ ಮಕ್ಕಳನ್ನು ಶೂಟಿಂಗ್ ಅಭ್ಯಾಸಕ್ಕೆ ಕರೆತರುವ ಕನ್ನಡದ ತಂದೆತಾಯಂದಿರು ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಟ್ರಿಗರ್ ಸ್ವಲ್ಪ ಹಗುರ ಮಾಡಿಕೊಡುತ್ತೀರಾ?" ಮರಾಠಿಯವರದೂ ಅದೇ ಬೇಡಿಕೆ, "ಜರಾ ಹಲಕಾ ಕರೂನ್ ದ್ಯಾ". ನಾನು ಭೋಸರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಬಹಳ ವರ್ಷ ದುಡಿದವನಾದ್ದರಿಂದ ಅಲೆನ್ ಕೀ ಹಿಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಅವರದು. ಒಬ್ಬೊಬ್ಬರಿಗೂ ನಿಂತು ಹೇಳುವ ಬದಲು ಬರೆದೇ ಬಿಡೋಣ ಎಂದು ಕುಳಿತಿದ್ದೇನೆ.

ಮೊದಲೇ ಒಂದು ಗೆರೆ ಎಳೆಯುತ್ತೇನೆ. ಕೆಳಗಿನ ಹಂತಗಳು 10 ಮೀಟರ್ ಸ್ಪರ್ಧೆಯ ಏರ್ ಪಿಸ್ತೂಲು ಮತ್ತು ಏರ್ ರೈಫಲ್‌ಗಳಿಗೆ ಮಾತ್ರ, ಅದೂ ತಯಾರಕರು ಹೊರಗಿನಿಂದಲೇ ತಿರುಗಿಸಲೆಂದು ಬಿಟ್ಟಿರುವ ಸ್ಕ್ರೂಗಳಿಗೆ ಮಾತ್ರ ಅನ್ವಯಿಸುತ್ತವೆ. ಮದ್ದುಗುಂಡು ಹಾರಿಸುವ ಯಾವ ಆಯುಧದ ಟ್ರಿಗರನ್ನೂ ನೀವು ಮುಟ್ಟಬಾರದು. .22 ಪಿಸ್ತೂಲಾಗಲಿ, ಊರಿನ ತೋಟದ ಕೋವಿಯಾಗಲಿ, ಅದು ಗನ್‌ಸ್ಮಿತ್‌ನ ಕೆಲಸ. ಗನ್‌ಸ್ಮಿತ್ ಎಂದರೆ ಪರವಾನಗಿ ಪಡೆದ ಬಂದೂಕು ದುರಸ್ತಿಗಾರ. ಅವನ ಬಳಿ ಯಾವಾಗ ಹೋಗಬೇಕೆಂಬುದನ್ನು ಕೊನೆಯಲ್ಲಿ ವಿವರವಾಗಿ ಹೇಳುತ್ತೇನೆ.

ಹಗುರ ಎಂದರೆ ಏನು?

ಹಳ್ಳಿಯ ಹಳೆಯ ಕೋವಿಯಲ್ಲಿ ಮೇಲೆದ್ದು ನಿಂತ ಭಾಗಕ್ಕೆ ನಾವು ಕುದುರೆ ಎನ್ನುತ್ತೇವೆ, ಮರಾಠಿಯವರು ಘೋಡಾ ಎನ್ನುತ್ತಾರೆ. ಎರಡೂ ಕಡೆ ಬೆರಳಿನಿಂದ ಎಳೆಯುವ ಟ್ರಿಗರಿಗೂ ಅದೇ ಹೆಸರು ಅಂಟಿಕೊಂಡಿದೆ. ಆ ಕುದುರೆಯನ್ನು ಬಿಡಿಸಲು ಬೆರಳು ಹಾಕಬೇಕಾದ ಬಲವೇ ಟ್ರಿಗರ್ ಭಾರ. ಅದನ್ನು ಗ್ರಾಂಗಳಲ್ಲಿ ಹೇಳುತ್ತಾರೆ.

ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಭಾರ 500 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. 25 ಮೀಟರ್ ಪಿಸ್ತೂಲಿಗೆ ಈ ಮಿತಿ 1000 ಗ್ರಾಂ. 10 ಮೀಟರ್ ಏರ್ ರೈಫಲ್‌ಗೆ ಕನಿಷ್ಠ ಮಿತಿಯೇ ಇಲ್ಲ. ರೈಫಲ್ ಶೂಟರ್‌ಗಳ ಟ್ರಿಗರ್ ಗರಿಯಷ್ಟು ಹಗುರ ಇರುವುದನ್ನು ನೋಡಿ ಪಿಸ್ತೂಲಿನ ಮಕ್ಕಳು ಹೊಟ್ಟೆಕಿಚ್ಚು ಪಡುತ್ತಾರೆ, ನಿಯಮದ ಈ ವ್ಯತ್ಯಾಸ ಅವರಿಗೆ ಗೊತ್ತಿರುವುದಿಲ್ಲ.

ಇನ್ನು ನಾಲ್ಕು ಪದಗಳು ಬೇಕು. ಸ್ಪರ್ಧೆಯ ಟ್ರಿಗರ್ ಎರಡು ಘಟ್ಟಗಳಲ್ಲಿ ಚಲಿಸುತ್ತದೆ. ಮೊದಲ ಘಟ್ಟದಲ್ಲಿ ಟ್ರಿಗರ್ ಸಲೀಸಾಗಿ ಹಿಂದೆ ಬಂದು ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಎರಡನೇ ಘಟ್ಟದಲ್ಲಿ ಆ ಗೋಡೆಯ ಮೇಲೆ ಇನ್ನಷ್ಟು ಒತ್ತಿದಾಗ ಗುಂಡು ಹೊರಡುತ್ತದೆ. ಎರಡೂ ಸೇರಿದ ಒಟ್ಟು ಭಾರವೇ ಆ 500 ಗ್ರಾಂ. ಒಳಗೆ ಬಾಗಿಲಿನ ಚಿಲಕದಂತೆ ಹಿಡಿದಿಟ್ಟುಕೊಂಡಿರುವ ಉಕ್ಕಿನ ತುಂಡಿಗೆ ಸಿಯರ್ ಎಂದು ಹೆಸರು. ಚಿಲಕ ಎಷ್ಟು ಆಳಕ್ಕೆ ಕೂತಿದೆ ಎಂಬುದರ ಮೇಲೆ ನಿಮ್ಮ ಸುರಕ್ಷತೆ ನಿಂತಿದೆ. ಗುಂಡು ಹೊರಟ ಮೇಲೂ ಟ್ರಿಗರ್ ಹಿಂದಕ್ಕೆ ಸರಿಯುವ ದೂರ ಓವರ್‌ಟ್ರಾವೆಲ್, ಅದನ್ನು ತಡೆಯುವ ಸ್ಕ್ರೂ ಟ್ರಿಗರ್ ಸ್ಟಾಪ್. ಗೋಡೆಗೆ ತಾಗಿದ ಮೇಲೆ ಗುಂಡು ಹೊರಡುವ ತನಕ ಬೆರಳಿಗೆ ಕರಕರ ಎಂದು ತಿಳಿಯುವ ಎಳೆತಕ್ಕೆ ಕ್ರೀಪ್ ಎನ್ನುತ್ತಾರೆ.

ಮಕ್ಕಳು "ಭಾರ" ಎಂದು ದೂರುವುದು ಬಹಳ ಸಲ ಈ ಕ್ರೀಪನ್ನು. ಕೆಲವೊಮ್ಮೆ ಟ್ರಿಗರ್ ಬ್ಲೇಡ್, ಅಂದರೆ ಬೆರಳು ತಾಗುವ ಬಾಗಿದ ಪಟ್ಟಿ, ಕೈಯಿಂದ ದೂರವಿರುತ್ತದೆ. ಹನ್ನೆರಡು ವರ್ಷದ ಹುಡುಗಿ ಬೆರಳ ತುದಿಯಿಂದ ಓರೆಯಾಗಿ ಎಳೆದರೆ ಸರಿಯಾಗಿರುವ 500 ಗ್ರಾಂ ಕೂಡ ಒಂದು ಕಿಲೋ ಅನ್ನಿಸುತ್ತದೆ. ಇಲ್ಲಿ ಹೊಂದಿಸಬೇಕಾದದ್ದು ಬ್ಲೇಡಿನ ಜಾಗವೇ ಹೊರತು ಭಾರವಲ್ಲ.

ಏನೇನು ಬೇಕು

ನಿಮ್ಮ ಮಾದರಿಯದೇ ಕೈಪಿಡಿ ಮೊದಲು ಬೇಕು. ಅದೇ ಕಂಪನಿಯ ಬೇರೆ ಮಾದರಿಯ ಕೈಪಿಡಿ ನಡೆಯುವುದಿಲ್ಲ, ಒಂದರಲ್ಲಿ ಮೊದಲ ಘಟ್ಟದ ಭಾರಕ್ಕಿರುವ ಸ್ಕ್ರೂ ಇನ್ನೊಂದರಲ್ಲಿ ಸಿಯರಿನದಾಗಿರಬಹುದು. ಕಳೆದುಹೋಗಿದ್ದರೆ ತಯಾರಕರ ಜಾಲತಾಣದಲ್ಲಿ ಹುಡುಕಿ ಮುದ್ರಿಸಿಕೊಳ್ಳಿ. ಜೊತೆಗೆ ಕೈಪಿಡಿ ಹೇಳಿದ ಅಳತೆಯ ಹೊಸ ಅಲೆನ್ ಕೀ. ಸವೆದ ಕೀ ಸ್ಕ್ರೂವಿನ ಆರು ಮೂಲೆಗಳನ್ನು ದುಂಡಗೆ ಮಾಡುತ್ತದೆ, ಆಮೇಲೆ ಅದನ್ನು ತೆಗೆಯಲು ಹೋದವನಿಗೆ ಸಂಜೆಯಾಗುತ್ತದೆ. ಸೈಕಲ್ ರಿಪೇರಿಯ ಪೆಟ್ಟಿಗೆಯಿಂದ ಎತ್ತಿಕೊಂಡ ಕೀಯನ್ನು ದಯವಿಟ್ಟು ತರಬೇಡಿ.

ತೂಗಲು ಕೊಕ್ಕೆ ಇರುವ ತೂಕದ ಕಲ್ಲು ಬೇಕು. ರೇಂಜಿನಲ್ಲಿ ಅಧಿಕೃತ ತೂಕವಿದ್ದರೆ ಅದನ್ನೇ ಬಳಸಿ. ಸ್ವಂತದ್ದನ್ನು ಮಾಡಿಕೊಳ್ಳುವುದಾದರೆ ಕೊಕ್ಕೆ, ದಾರ ಎಲ್ಲ ಸೇರಿ ಎಷ್ಟಾಯಿತು ಎಂಬುದನ್ನು ಒಳ್ಳೆಯ ತಕ್ಕಡಿಯಲ್ಲಿ ನೋಡಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದೆರಡು ಗ್ರಾಂ ಅತ್ತಿತ್ತ ಹೇಳುತ್ತದೆ. ನಾನು ನನ್ನ ತೂಕವನ್ನು ಲಕ್ಷ್ಮೀ ರಸ್ತೆಯ ಚಿನ್ನದಂಗಡಿಗೆ ಒಯ್ದು ತೂಗಿಸಿದ್ದೆ. ಅಂಗಡಿಯವನು ಇದಾವ ಒಡವೆ ಎಂಬಂತೆ ನನ್ನನ್ನು ನೋಡಿದ, ಆದರೆ ತೂಗಿಕೊಟ್ಟ. ಸ್ಪ್ರಿಂಗಿನ ಅಗ್ಗದ ಮಾಪಕಗಳನ್ನು ಒಂದೇ ನೋಟಕ್ಕೆ ನಂಬಬೇಡಿ, ಗೊತ್ತಿರುವ ತೂಕವನ್ನು ತೂಗಿಹಾಕಿ ಅದು ಸರಿಯಾಗಿ ಹೇಳುತ್ತದೆಯೇ ಎಂದು ಮೊದಲು ನೋಡಿ.

ಇನ್ನೊಂದು ಸಣ್ಣ ಪುಸ್ತಕ, ಪೆನ್ಸಿಲ್. ನಗಬೇಡಿ, ಇವುಗಳಿಲ್ಲದೆ ಕೆಲಸ ಶುರು ಮಾಡಿದವರೇ ಆಮೇಲೆ ನನ್ನ ಬಳಿ ಬರುವುದು.

ಜಾಗ ಯಾವುದು? ರೇಂಜ್, ಮನೆಯಲ್ಲ. ಕೋಥ್ರೂಡಿನ ಫ್ಲ್ಯಾಟಿನ ಹಾಲಿನಲ್ಲಿ ಸುರಕ್ಷಿತ ದಿಕ್ಕು ಎಂಬುದೇ ಇರುವುದಿಲ್ಲ. ಗೋಡೆಯಾಚೆ ಪಕ್ಕದವರ ಅಡುಗೆಮನೆ, ನೆಲದಡಿ ಇನ್ನೊಬ್ಬರ ಮಲಗುವ ಕೋಣೆ. ಪುಣೆಯವರಿಗೆ ಬಾಲೇವಾಡಿಯ ಶಿವ ಛತ್ರಪತಿ ಕ್ರೀಡಾ ಸಂಕೀರ್ಣದ ರೇಂಜ್ ಇದೆ, ಮುಂಬೈಯವರಿಗೆ ವರ್ಲಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜ್ ಇದೆ. ಎಲ್ಲಿ ಮಾಡಿದರೂ ರೇಂಜ್ ಅಧಿಕಾರಿಗೆ ಹೇಳಿ, ಅವರು ತೋರಿಸಿದ ಜಾಗದಲ್ಲೇ ಮಾಡಿ.

ಹಂತ 1: ಖಾಲಿ ಮಾಡುವುದು

ನಳಿಕೆಯ ಬಾಯಿ ಗುರಿಹಲಗೆಯ ಕಡೆಗಿರಲಿ, ಬೆರಳು ಟ್ರಿಗರಿನ ಹೊರಗಿರಲಿ. ಲೋಡಿಂಗ್ ಲಿವರ್, ಅಂದರೆ ಗುಂಡು ಹಾಕಲು ತೆರೆಯುವ ಹಿಡಿಕೆ, ತೆರೆದು ಒಳಗೆ ಪೆಲೆಟ್, ಅಂದರೆ ಏರ್ ಪಿಸ್ತೂಲಿನ ಸಣ್ಣ ಗುಂಡು, ಇಲ್ಲವೆಂದು ಕಣ್ಣಿನಿಂದ ನೋಡಿ. ನಂತರ ಸುರಕ್ಷತಾ ದಾರವನ್ನು, ಅಂದರೆ ನಳಿಕೆಯ ಉದ್ದಕ್ಕೂ ಹಾಯುವ ಗಾಢ ಬಣ್ಣದ ಪ್ಲಾಸ್ಟಿಕ್ ದಾರವನ್ನು, ಹಿಂದಿನಿಂದ ತೂರಿಸಿ ಮುಂದೆ ಹೊರಬರುವ ತನಕ ತಳ್ಳಿ. ಎರಡೂ ತುದಿ ಕಾಣಿಸಿದರೆ ನಳಿಕೆ ಖಾಲಿ. ಪಕ್ಕದಲ್ಲಿರುವ ಇನ್ನೊಬ್ಬರಿಂದಲೂ ನೋಡಿಸಿ.

ಪೆಲೆಟ್ ಡಬ್ಬಿ ಆ ಮೇಜಿನ ಮೇಲೆ ಇರಲೇಬಾರದು. ಚೀಲದೊಳಗೆ ಹಾಕಿ ಜಿಪ್ ಎಳೆಯಿರಿ.

ಸ್ಕ್ರೂ ತಿರುಗಿಸುವಾಗ ಗಾಳಿಯ ಸಿಲಿಂಡರ್ ಕಳಚಿಟ್ಟಿರಲಿ, ಕಳಚುವ ವಿಧಾನ ಕೈಪಿಡಿಯಲ್ಲಿರುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡ ತುಂಬಿರುತ್ತದೆ, ಕಾರಿನ ಟಯರಿನ ಒತ್ತಡಕ್ಕೆ ಹೋಲಿಸಿದರೆ ನೂರು ಪಟ್ಟು ಹತ್ತಿರ. ಕಳಚಿದಾಗ ಸಿಲಿಂಡರಿನ ಮೇಲೆ ಕೆತ್ತಿರುವ ದಿನಾಂಕವನ್ನೂ ಓದಿ. ಅವಧಿ ಮುಗಿದ ಸಿಲಿಂಡರಿನ ಹೊಣೆ ಶೂಟರನದೇ ಎಂದು ನಿಯಮ ಹೇಳುತ್ತದೆ, ಟ್ರಿಗರಿನ ಚಿಂತೆಯಲ್ಲಿ ಇದನ್ನು ಮರೆಯುವವರು ಬಹಳ.

ಹಂತ 2: ಮುಟ್ಟುವ ಮೊದಲು ತೂಗುವುದು

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ನನ್ನ ಬಳಿ "ತುಂಬ ಭಾರ" ಎಂದು ಬಂದ ಪಿಸ್ತೂಲುಗಳಲ್ಲಿ ಅನೇಕವು ತೂಗಿದಾಗ 500ರ ಆಸುಪಾಸಿನಲ್ಲೇ ಇದ್ದವು. ತೂಗದೆ ಹಗುರ ಮಾಡಿದ್ದರೆ ಅವೆಲ್ಲ ಸ್ಪರ್ಧೆಯ ಬಾಗಿಲಲ್ಲೇ ಹಿಂತಿರುಗುತ್ತಿದ್ದವು.

ತೂಗುವ ಕ್ರಮ ಹೀಗಿದೆ. ಪೆಲೆಟ್ ಇಲ್ಲವೆಂದು ಮತ್ತೊಮ್ಮೆ ಖಚಿತಪಡಿಸಿಕೊಂಡು ಸಿಲಿಂಡರ್ ಜೋಡಿಸಿ, ದಾರ ತೆಗೆದು, ಪಿಸ್ತೂಲನ್ನು ಕಾಕ್ ಮಾಡಿ, ಅಂದರೆ ಹೊಡೆಯಲು ಸಜ್ಜಾದ ಸ್ಥಿತಿಗೆ ತನ್ನಿ. ಸ್ಪರ್ಧೆಯಲ್ಲೂ ಗಾಳಿ ತುಂಬಿದ ಸ್ಥಿತಿಯಲ್ಲೇ ತೂಗುತ್ತಾರೆ, ಆದ್ದರಿಂದ ಡ್ರೈ ಫೈರ್ ಸ್ಥಿತಿಯ ಅಳತೆಯನ್ನು ಅಂತಿಮವೆಂದು ತಿಳಿಯಬೇಡಿ. ಡ್ರೈ ಫೈರ್ ಎಂದರೆ ಗಾಳಿ ಬಿಡದೆ ಟ್ರಿಗರನ್ನಷ್ಟೇ ಅಭ್ಯಾಸ ಮಾಡುವ ವ್ಯವಸ್ಥೆ. ತೂಕದ ಕಲ್ಲು ಮೇಜಿನ ಮೇಲೆ ರಬ್ಬರ್ ಹಾಸಿನ ಮೇಲಿರಲಿ. ನಳಿಕೆಯನ್ನು ನೇರ ಮೇಲಕ್ಕೆ ನಿಲ್ಲಿಸಿ, ಕೊಕ್ಕೆಯನ್ನು ಟ್ರಿಗರ್ ಬ್ಲೇಡಿನ ನಡುಭಾಗಕ್ಕೆ ಸಿಕ್ಕಿಸಿ, ನಿಧಾನವಾಗಿ ಎತ್ತಿ. ಕಲ್ಲು ಹಾಸಿನಿಂದ ಪೂರ್ತಿ ಮೇಲೆದ್ದರೂ ಟ್ರಿಗರ್ ಬಿಡದಿದ್ದರೆ ನಿಮ್ಮ ಟ್ರಿಗರ್ ಭಾರ ಆ ತೂಕಕ್ಕಿಂತ ಹೆಚ್ಚಿದೆ ಎಂದರ್ಥ.

ಇಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ. ಮೊದಲನೆಯದು ಅಪಾಯಕಾರಿ. ಕಲ್ಲನ್ನು ನೆಲದ ಮೇಲಿಟ್ಟು, ಕೊಕ್ಕೆ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡುತ್ತಾರೆ. ಆಗ ಮುಖ ನೇರವಾಗಿ ನಳಿಕೆಯ ಮೇಲೆ ಬರುತ್ತದೆ. ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿ. ಎರಡನೆಯದು, ಕೊಕ್ಕೆಯನ್ನು ಬ್ಲೇಡಿನ ಕೆಳತುದಿಗೆ ಹಾಕುವುದು. ಟ್ರಿಗರ್ ಮೇಲಿನ ಕೀಲಿನ ಸುತ್ತ ತಿರುಗುವ ಸನ್ನೆಗೋಲು. ಕೀಲಿನಿಂದ ದೂರ ಹೋದಷ್ಟೂ ಕಡಿಮೆ ಬಲಕ್ಕೇ ಬಿಡುತ್ತದೆ, ಸರಿಯಾದ ಟ್ರಿಗರ್ ಕೂಡ ಸೋತಂತೆ ಕಾಣುತ್ತದೆ. ಮೂರನೆಯದು ಝಟ್ಟನೆ ಎತ್ತುವುದು. ಬಾವಿಯಿಂದ ಕೊಡ ಸೇದುವಾಗ ಹಗ್ಗ ಜಗ್ಗಿದರೆ ಕೊಡ ಇದ್ದದ್ದಕ್ಕಿಂತ ಭಾರವಾಗುತ್ತದಲ್ಲ, ಅದೇ ಕಥೆ.

ಐದು ಸಲ ತೂಗಿ, ಐದನ್ನೂ ಬರೆದಿಡಿ. ಎಷ್ಟು ಭಾರ ಎಂಬುದರಷ್ಟೇ ಮುಖ್ಯ ಐದೂ ಒಂದಕ್ಕೊಂದು ಹತ್ತಿರವಿವೆಯೇ ಎಂಬುದು. 510, 512, 510, 511, 510 ಬಂದರೆ ಟ್ರಿಗರ್ ಆರೋಗ್ಯವಾಗಿದೆ. 540, 495, 520 ಎಂದು ಕುಣಿದರೆ ಸ್ಕ್ರೂ ಮುಟ್ಟಲು ಹೋಗಬೇಡಿ, ನೇರವಾಗಿ ಗನ್‌ಸ್ಮಿತ್ ಭಾಗಕ್ಕೆ ಬನ್ನಿ.

ಹಂತ 3: ಈಗಿನ ಸ್ಥಿತಿಯನ್ನು ಬರೆದಿಡುವುದು

ಸ್ಕ್ರೂಗಳ ಫೋಟೋ ತೆಗೆಯಿರಿ. ಪ್ರತಿ ಸ್ಕ್ರೂವಿನ ತಲೆಯ ಮೇಲೂ ಪಕ್ಕದ ಲೋಹದ ಮೇಲೂ ಒಂದೇ ಸಾಲಿನಲ್ಲಿ ಸಣ್ಣ ಗುರುತು ಹಾಕಿ, ಅಳಿಸಬಹುದಾದ ಶಾಯಿಯಿಂದ. ಎಷ್ಟು ತಿರುಗಿಸಿದ್ದೀರಿ ಎಂದು ಕೈ ಮರೆಯಬಹುದು, ಗುರುತು ಮರೆಯುವುದಿಲ್ಲ.

ಹಂತ 4: ಬ್ಲೇಡಿನ ಜಾಗ

ಭಾರಕ್ಕಿಂತ ಮೊದಲು ಇದು. ಹಿಡಿಯನ್ನು ಎಂದಿನಂತೆ ಹಿಡಿದು, ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಬ್ಲೇಡಿನ ನಡುವೆ ಕೂರುವಂತೆ, ಬೆರಳು ನೇರ ಹಿಂದಕ್ಕೆ ಎಳೆಯುವಂತೆ ಬ್ಲೇಡನ್ನು ಹಿಂದೆ ಮುಂದೆ ಸರಿಸಿ. ಬೆರಳಿನ ಉಳಿದ ಭಾಗ ಹಿಡಿಯ ಮರಕ್ಕೆ ತಾಗಬಾರದು.

ಬ್ಲೇಡ್ ಸರಿದರೆ ಸನ್ನೆಗೋಲಿನ ಉದ್ದ ಬದಲಾಗಬಹುದು, ಅದರೊಡನೆ ಭಾರವೂ ಬದಲಾಗಬಹುದು. ಆದ್ದರಿಂದ ಮತ್ತೆ ತೂಗಿ. ಅರ್ಧಕ್ಕಿಂತ ಹೆಚ್ಚು ಜನರ ಕೆಲಸ ಇಲ್ಲಿಗೇ ಮುಗಿಯಬೇಕು ಎಂಬುದು ನನ್ನ ಅನಿಸಿಕೆ. ಒಂದು ವಾರ ಹೀಗೇ ಅಭ್ಯಾಸ ಮಾಡಿ, ಆಮೇಲೂ ತೊಂದರೆ ಇದ್ದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 5: ಭಾರದ ಸ್ಕ್ರೂ

ಸಿಲಿಂಡರ್ ಮತ್ತೆ ಹೊರಗೆ, ದಾರ ಮತ್ತೆ ಒಳಗೆ. ಕೈಪಿಡಿಯಲ್ಲಿ ಮೊದಲ ಘಟ್ಟದ ಭಾರ, ಎರಡನೇ ಘಟ್ಟದ ಭಾರ ಎಂದು ಗುರುತಿಸಿದ ಸ್ಕ್ರೂಗಳು ಯಾವುವೆಂದು ಬೆರಳಿಟ್ಟು ನೋಡಿ. ಒಂದು ಸಲಕ್ಕೆ ಒಂದೇ ಸ್ಕ್ರೂ, ಒಂದು ಸಲಕ್ಕೆ ಕಾಲು ಸುತ್ತು, ಪ್ರತಿ ಸಲ ತೂಗುವುದು. ಇದೇ ನಿಯಮ. ಎರಡು ಸ್ಕ್ರೂಗಳನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ಪಿಸ್ತೂಲಿನಲ್ಲಿ ಒಟ್ಟು ಭಾರದ ಹೆಚ್ಚಿನ ಪಾಲನ್ನು ಮೊದಲ ಘಟ್ಟಕ್ಕೆ ಕೊಟ್ಟು, ಎರಡನೆಯದಕ್ಕೆ ಸ್ವಲ್ಪವನ್ನೇ ಉಳಿಸುವುದು ಬಹುಮಂದಿ ಕೋಚ್‌ಗಳ ರೂಢಿ. ಬೆರಳು ಗೋಡೆಯ ಬಳಿ ತಲುಪುವಷ್ಟರಲ್ಲಿ ಬಹುಪಾಲು ಕೆಲಸ ಆಗಿರುತ್ತದೆ, ಕೊನೆಯ ಒತ್ತು ಗುರಿಯನ್ನು ಅಲುಗಿಸುವುದಿಲ್ಲ. ಹೊಸಬರಿಗೆ ಮಾತ್ರ ಎರಡನೇ ಘಟ್ಟವನ್ನು ತೀರ ಸಣ್ಣದು ಮಾಡಬೇಡಿ. ಗೋಡೆ ಎಲ್ಲಿದೆ ಎಂದು ಬೆರಳಿಗೆ ತಿಳಿಯದೆ ಗುರಿಗೆ ಮೊದಲೇ ಗುಂಡು ಹೊರಟುಹೋಗುತ್ತದೆ, ಮಗು ಬೆಚ್ಚುತ್ತದೆ, ಆ ಬೆಚ್ಚುವಿಕೆ ಅಭ್ಯಾಸವಾಗಿ ಕೂರುತ್ತದೆ.

ಎಷ್ಟಕ್ಕೆ ನಿಲ್ಲಿಸಬೇಕು? ಸರಿಯಾಗಿ 500ಕ್ಕೆ ನಿಲ್ಲಿಸುವವನನ್ನು ನಾನು ಧೈರ್ಯವಂತ ಎನ್ನುವುದಿಲ್ಲ. ನಾನೂ ಒಮ್ಮೆ ಹಾಗೆ ನಿಲ್ಲಿಸಿ, ಮಳೆಗಾಲದ ಒಂದು ಸ್ಪರ್ಧೆಯಲ್ಲಿ ಉಪಕರಣ ತಪಾಸಣೆಯ ಮೇಜಿನ ಮುಂದೆ ಬೆವರಿದ್ದೇನೆ. ಧೂಳು, ಎಣ್ಣೆ, ಪ್ರಯಾಣದ ಕುಲುಕಾಟ ಎಲ್ಲವೂ ಟ್ರಿಗರನ್ನು ಸ್ವಲ್ಪ ಸರಿಸುತ್ತವೆ. 510ರಿಂದ 520ರ ನಡುವೆ ಇಟ್ಟುಕೊಳ್ಳಿ. ಹತ್ತಿಪ್ಪತ್ತು ಗ್ರಾಂ ನಿಮ್ಮ ಅಂಕವನ್ನು ಕೆಡಿಸುವುದಿಲ್ಲ. ತಪಾಸಣೆಯಲ್ಲಿ ತೂಕ ಎತ್ತಲು ಮೂರು ಪ್ರಯತ್ನಗಳಷ್ಟೇ ಸಿಗುತ್ತವೆ. ಸ್ಪರ್ಧೆಯ ಕೊನೆಯ ಸರಣಿ ಮುಗಿದ ಮೇಲೆ ಚೀಟಿ ಎತ್ತಿದಂತೆ ಯಾರನ್ನಾದರೂ ಆರಿಸಿ ಮತ್ತೆ ತೂಗುವುದೂ ಉಂಟು, ಅಲ್ಲಿ ಸೋತರೆ ಹೊಡೆದ ಅಂಕವೆಲ್ಲ ನೀರಿನಲ್ಲಿ ಹೋಮ.

ಸ್ಕ್ರೂ ತಿರುಗುತ್ತಲೇ ಇದ್ದರೂ ಭಾರ ಬದಲಾಗದಿದ್ದರೆ ನಿಲ್ಲಿಸಿ. ಸ್ಪ್ರಿಂಗಿನ ವ್ಯಾಪ್ತಿ ಮುಗಿದಿದೆ, ಇಲ್ಲವೇ ನೀವು ತಪ್ಪು ಸ್ಕ್ರೂವಿನ ಮೇಲಿದ್ದೀರಿ. ಸ್ಕ್ರೂ ಸಡಿಲ ಎಂದು ಅಂಟು ಹಾಕುವುದು, ಸ್ಪ್ರಿಂಗನ್ನು ಕತ್ತರಿಸಿ ಗಿಡ್ಡ ಮಾಡುವುದು ಇವೆರಡೂ ಬೇಡ.

ಸಿಯರಿನ ಆಳಕ್ಕೆ ಸಂಬಂಧಿಸಿದ ಸ್ಕ್ರೂ ನಿಮ್ಮ ಮಾದರಿಯಲ್ಲಿ ಹೊರಗೇ ಕಾಣುತ್ತಿರಬಹುದು. ಕ್ರೀಪ್ ಕಡಿಮೆಯಾಗುತ್ತದೆ ಎಂಬ ಆಸೆಗೆ ಅದನ್ನು ತಿರುಗಿಸುವವರಿದ್ದಾರೆ. ಚಿಲಕವನ್ನು ತುದಿಯಲ್ಲಷ್ಟೇ ಸಿಕ್ಕಿಸಿ ಬಾಗಿಲು ಹಾಕಿದಂತೆ ಅದು, ಗಾಳಿ ಬೀಸಿದರೂ ತೆರೆದುಕೊಳ್ಳುತ್ತದೆ. ಕೈಪಿಡಿ ಅನುಮತಿಸಿದ್ದರೂ ಮೊದಲ ಸಲ ಅದನ್ನು ಗನ್‌ಸ್ಮಿತ್ ಅಥವಾ ಅನುಭವಿ ಕೋಚ್ ಮಾಡಲಿ, ನೀವು ಪಕ್ಕದಲ್ಲಿ ನಿಂತು ನೋಡಿ.

ಟ್ರಿಗರ್ ಸ್ಟಾಪ್ ವಿಷಯ ಚಿಕ್ಕದು. ಗುಂಡು ಹೊರಟ ಮೇಲೆ ಕೂದಲೆಳೆಯಷ್ಟು ಚಲನೆ ಉಳಿಯಲಿ. ಪೂರ್ತಿ ಬಿಗಿದರೆ ಕೆಲವು ಸಲ ಟ್ರಿಗರ್ ಬಿಡುವುದೇ ಇಲ್ಲ. ಆಗ ಮಗು ಬಲವಾಗಿ ಒತ್ತುತ್ತದೆ, ಮತ್ತೆ "ಭಾರ" ಎಂಬ ದೂರು ನಿಮ್ಮ ಬಳಿಗೇ ಬರುತ್ತದೆ.

ಹಂತ 6: ಜಾರುತ್ತದೆಯೇ ಎಂದು ಪರೀಕ್ಷೆ

ಭಾರ ಸರಿಯಾದರೆ ಕೆಲಸ ಮುಗಿಯಿತೆಂದು ಪೆಲೆಟ್ ಹಾಕುವವರು ಈ ಹಂತವನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ಪೆಲೆಟ್ ಇಲ್ಲದೆ, ನಳಿಕೆ ಗುರಿಹಲಗೆಯ ಕಡೆಗಿರುವಂತೆ ಕಾಕ್ ಮಾಡಿ. ಅಂಗೈಯಿಂದ ಹಿಡಿಯ ಹಿಂಭಾಗವನ್ನು, ಪಕ್ಕಗಳನ್ನು ತಟ್ಟಿ. ಬಾಗಿಲು ತಟ್ಟುವಷ್ಟು ಜೋರು ಸಾಕು, ಸುತ್ತಿಗೆ ಬೇಡ. ಬಳಿಕ ಲೋಡಿಂಗ್ ಲಿವರನ್ನು ಎಂದಿಗಿಂತ ಸ್ವಲ್ಪ ಗಟ್ಟಿಯಾಗಿ ಮುಚ್ಚಿ ನೋಡಿ. ಟ್ರಿಗರನ್ನು ಮೊದಲ ಘಟ್ಟದ ಗೋಡೆಯ ತನಕ ತಂದು ಬಿಟ್ಟಾಗ ಅದು ತನ್ನಷ್ಟಕ್ಕೆ ಮುಂದೆ ಬರುತ್ತದೆಯೇ ನೋಡಿ. ಹತ್ತು ಸಲ ಹೀಗೆ ಮಾಡಿ.

ಹತ್ತರಲ್ಲಿ ಒಂದು ಸಲ ತಾನಾಗಿಯೇ ಬಿಟ್ಟರೂ ಆ ಪಿಸ್ತೂಲಿಗೆ ಅಂದು ಪೆಲೆಟ್ ಹಾಕುವಂತಿಲ್ಲ. ಪುಸ್ತಕದಲ್ಲಿ ಬರೆದ ಹಳೆಯ ಸ್ಥಿತಿಗೆ ಸ್ಕ್ರೂಗಳನ್ನು ತಂದು ಮತ್ತೆ ಪರೀಕ್ಷಿಸಿ. ಆಗಲೂ ಬಿಟ್ಟರೆ ಪೆಟ್ಟಿಗೆಗೆ ಹಾಕಿ ಬೀಗ ಹಾಕಿ.

ಡ್ರೈ ಫೈರ್ ವ್ಯವಸ್ಥೆ ಇಲ್ಲದ, ಸ್ಪ್ರಿಂಗ್ ಪಿಸ್ಟನ್ನಿನ ಹಳೆಯ ಏರ್ ರೈಫಲ್‌ಗಳನ್ನು ಪೆಲೆಟ್ ಇಲ್ಲದೆ ಹೊಡೆಯಬಾರದು, ಪಿಸ್ಟನ್ ಬರಿದೇ ಹೋಗಿ ಗುದ್ದಿ ಒಳಗಿನ ಸೀಲ್ ಹಾಳಾಗುತ್ತದೆ. ಜಾತ್ರೆಯ ಬಲೂನ್ ಅಂಗಡಿಯ ಬಂದೂಕು ಇದೇ ಜಾತಿಯದು. ಅಂಥದ್ದಕ್ಕೆ ಈ ಲೇಖನದ ಪರೀಕ್ಷೆ ಯಾವುದೂ ಹೊಂದುವುದಿಲ್ಲ.

ಎಣ್ಣೆಯ ಬಗ್ಗೆ ಒಂದು ಮಾತು

ಟ್ರಿಗರ್ ಒಳಗೆ ಎಣ್ಣೆ ಬಿಡಬೇಡಿ. ಕೈಪಿಡಿ ಹೇಳಿದ ಜಾಗಕ್ಕೆ, ಹೇಳಿದ ಎಣ್ಣೆ, ಸೂಜಿಮೊನೆಯಷ್ಟು. ಹೊಲಿಗೆ ಯಂತ್ರದ ಎಣ್ಣೆ ಸುರಿದರೆ ಪುಣೆಯ ಧೂಳು ಅದರಲ್ಲಿ ಕೂತು ಲೇಹ್ಯವಾಗುತ್ತದೆ. ಕರಾವಳಿಯ ಒಬ್ಬ ಸಜ್ಜನರು ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಮಂಗಳೂರಿನಲ್ಲಿ ಹೇಗೋ ನಡೆದೀತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಪುಣೆಯ ಡಿಸೆಂಬರ್ ಬೆಳಗಿನಲ್ಲಿ ಅವರ ಟ್ರಿಗರ್ ತುಪ್ಪದೊಳಗೆ ಸಿಕ್ಕಿದಂತೆ ಚಲಿಸುತ್ತಿತ್ತು.

ಎಲೆಕ್ಟ್ರಾನಿಕ್ ಟ್ರಿಗರ್ ಇರುವವರು

ಇಲ್ಲಿ ಸಿಯರಿನ ಬದಲು ಒಂದು ಸ್ವಿಚ್ಚು, ವಿದ್ಯುತ್ ಮಂಡಲ ಕೆಲಸ ಮಾಡುತ್ತವೆ. ಬೆರಳಿಗೆ ಬಹಳ ನಯ. ಹೊರಗಿನ ಭಾರದ ಸ್ಕ್ರೂ ಬಿಟ್ಟರೆ ನೀವು ಮಾಡಬಹುದಾದದ್ದು ಬ್ಯಾಟರಿ ಬದಲಿಸುವುದಷ್ಟೇ. ಮಂಡಲ ಕೆಟ್ಟರೆ ಮೊಬೈಲ್ ರಿಪೇರಿ ಅಂಗಡಿಗೆ ಒಯ್ಯಬೇಡಿ, ಆ ತಯಾರಕರ ಸೇವಾ ಪ್ರತಿನಿಧಿಯನ್ನೇ ಹುಡುಕಿ. 2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟು ಎಷ್ಟೋ ನಿಮಿಷ ಹಾಳಾದವು, 575 ಅಂಕಗಳೊಂದಿಗೆ ಅವರು 12ನೆಯವರಾದರು. ಅಂಥವರಿಗೇ ಆಗಿದೆ. ದೊಡ್ಡ ಸ್ಪರ್ಧೆಯ ಹಿಂದಿನ ವಾರ ಪಿಸ್ತೂಲಿಗೆ ಯಾವ ಹೊಸ ಪ್ರಯೋಗವನ್ನೂ ಮಾಡಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಗನ್‌ಸ್ಮಿತ್‌ನ ಬಳಿ ಯಾವಾಗ?

ತಟ್ಟಿದಾಗ ಬಿಟ್ಟರೆ. ಲಿವರ್ ಮುಚ್ಚುವಾಗ ಬಿಟ್ಟರೆ. ಐದು ಅಳತೆಗಳು ಒಂದಕ್ಕೊಂದು ಇಪ್ಪತ್ತು ಮೂವತ್ತು ಗ್ರಾಂ ದೂರವಿದ್ದರೆ. ಟ್ರಿಗರ್ ಮುಂದಕ್ಕೆ ಮರಳದಿದ್ದರೆ. ಪಿಸ್ತೂಲು ಕೆಳಗೆ ಬಿದ್ದಿದ್ದರೆ, ಹೊರಗೆ ಏನೂ ಕಾಣದಿದ್ದರೂ. ಹಳೆಯದನ್ನು ಕೊಂಡಿದ್ದು, ಹಿಂದಿನ ಮಾಲೀಕ ಒಳಗೆ ಏನು ಮಾಡಿದ್ದಾನೆಂದು ತಿಳಿಯದಿದ್ದರೆ. ಮತ್ತು ಟ್ರಿಗರಿನ ಮುಚ್ಚಳ ತೆರೆಯಲೇಬೇಕಾದ ಯಾವುದೇ ಸಂದರ್ಭ ಬಂದರೆ.

ನನ್ನಂಥ ಟೂಲ್‌ರೂಮಿನವರಿಗೆ ಇಲ್ಲಿ ಪ್ರತ್ಯೇಕ ಎಚ್ಚರಿಕೆ. ಪಿಂಪ್ರಿ, ಭೋಸರಿ, ಚಾಕಣ್ ಕಡೆ ಕೆಲಸ ಮಾಡುವ ನಮ್ಮವರಿಗೆ ಮೈಕ್ರಾನ್ ಲೆಕ್ಕದಲ್ಲಿ ಉಕ್ಕು ಉಜ್ಜುವುದು ನೀರು ಕುಡಿದಷ್ಟು ಸುಲಭ, ಸಿಯರನ್ನೂ ಎಣ್ಣೆಕಲ್ಲಿನ ಮೇಲೆ ಉಜ್ಜಿ ಕನ್ನಡಿ ಮಾಡೋಣ ಎಂಬ ಹುಕಿ ಬರುತ್ತದೆ. ಬಹಳಷ್ಟು ಸಿಯರ್‌ಗಳಲ್ಲಿ ಗಟ್ಟಿಯಾಗಿರುವುದು ಮೇಲಿನ ತೆಳು ಪದರ ಮಾತ್ರ. ಅದನ್ನು ಉಜ್ಜಿ ತೆಗೆದರೆ ಕೆಳಗಿನ ಮೆತ್ತನೆಯ ಉಕ್ಕು ಹೊರಬರುತ್ತದೆ. ಮೊದಲ ದಿನ ಬೆಣ್ಣೆಯಂತೆ ಇರುತ್ತದೆ, ಕೆಲವು ನೂರು ಗುಂಡುಗಳ ಬಳಿಕ ಅಂಚು ದುಂಡಾಗಿ, ಯಾವಾಗ ಬಿಡುತ್ತದೆಂದು ಹೇಳಲಾಗದು. ಕೋನ ಒಂದಿಷ್ಟು ತಪ್ಪಿದರೂ ಇದೇ ಗತಿ. ಕೈಚಳಕ ಇದೆ ಎಂಬುದು ಇಲ್ಲಿ ಅರ್ಹತೆಯಲ್ಲ.

ಮದ್ದುಗುಂಡಿನ ಆಯುಧಗಳಿಗೆ ಕಾನೂನೂ ಅಡ್ಡ ನಿಲ್ಲುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ವಿಧಿಯ ಪ್ರಕಾರ ಬಂದೂಕುಗಳ ತಯಾರಿಕೆ, ಮಾರಾಟದಂತೆ ದುರಸ್ತಿಯ ವೃತ್ತಿಗೂ ಪರವಾನಗಿ ಬೇಕು. ಹೊಂದಲು ನಿಮಗಿರುವ ಲೈಸೆನ್ಸ್ ಇಂಥ ಕೆಲಸಕ್ಕೆ ಕೊಟ್ಟ ಲೈಸೆನ್ಸ್ ಅಲ್ಲ. ಕೊಡಗಿನಿಂದ ಬಂದು ಪುಣೆಯಲ್ಲಿ ನೆಲೆಸಿದ ಮಿತ್ರರು, ಕೊಡವರು ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂದಾಗ, ಅಜ್ಜನ ಕೋವಿಯ ಕುದುರೆ ಬಿಗಿಯಾಗಿದೆ ಎಂದು ಕೇಳುತ್ತಾರೆ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದ್ದು, ದುರಸ್ತಿಗಲ್ಲ. ಊರಿನಲ್ಲೇ ಪರವಾನಗಿ ಪಡೆದ ದುರಸ್ತಿಗಾರನಿಗೆ ಕೊಡಿ, ಹಳೆಯ ಸ್ಪ್ರಿಂಗು, ತುಕ್ಕು ಹಿಡಿದ ಸಿಯರು ಯಾವ ಸ್ಥಿತಿಯಲ್ಲಿವೆ ಎಂದು ಬಿಚ್ಚದೆ ಯಾರೂ ಹೇಳಲಾರರು.

4.5 ಮಿಲಿಮೀಟರ್ ನಳಿಕೆಯ, 20 ಜೂಲ್ ಶಕ್ತಿ ಮೀರದ ಏರ್ ಪಿಸ್ತೂಲು ಮತ್ತು ರೈಫಲ್‌ಗಳಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಡಿ ಲೈಸೆನ್ಸ್ ಬೇಕಿಲ್ಲ. ಆದರೂ ದುರಸ್ತಿಗೆ ಒಯ್ಯುವಾಗ ಖರೀದಿ ಬಿಲ್ಲು, ಕ್ಲಬ್ಬಿನ ಗುರುತಿನ ಚೀಟಿ ಜೊತೆಗಿರಲಿ. ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಪೆಲೆಟ್ ಬೇರೆ ಚೀಲದಲ್ಲಿ ಒಯ್ಯಿರಿ. ಸಂಜೆ ಆರರ ಲೋಕಲ್ ರೈಲಿನಲ್ಲಿ ಪೆಟ್ಟಿಗೆ ತೆರೆದು ಪಕ್ಕದವರಿಗೆ ತೋರಿಸುವ ಉತ್ಸಾಹವನ್ನು ಮಕ್ಕಳಿಗೆ ಮೊದಲೇ ಬಿಡಿಸಿ. ಲೈಸೆನ್ಸ್ ಇರುವ ಆಯುಧವಾದರೆ ಮೂಲ ಲೈಸೆನ್ಸ್ ಇಲ್ಲದೆ ಮನೆಯ ಹೊಸ್ತಿಲು ದಾಟಬೇಡಿ. ಅದರಲ್ಲಿ ಬರೆದ ಪ್ರದೇಶ ವ್ಯಾಪ್ತಿಯನ್ನೂ ಓದಿಕೊಳ್ಳಿ, ಕರ್ನಾಟಕಕ್ಕೆ ಸೀಮಿತವಾದ ಲೈಸೆನ್ಸ್ ಹಿಡಿದು ಮಹಾರಾಷ್ಟ್ರಕ್ಕೆ ತಂದರೆ ತೊಂದರೆಗೆ ಸಿಲುಕುತ್ತೀರಿ.

ಗನ್‌ಸ್ಮಿತ್‌ಗೆ ಏನು ಹೇಳಬೇಕು? "ಹಗುರ ಮಾಡಿ" ಎನ್ನಬೇಡಿ. ನಿಮ್ಮ ಪುಸ್ತಕ ತೋರಿಸಿ. ಐದು ಅಳತೆಗಳು ಇಂತಿವೆ, ಈ ಸ್ಕ್ರೂವನ್ನು ಇಷ್ಟು ತಿರುಗಿಸಿದ್ದೇನೆ, ತಟ್ಟಿದಾಗ ಹತ್ತರಲ್ಲಿ ಎರಡು ಸಲ ಬಿಟ್ಟಿತು, ಸ್ಪರ್ಧೆ ಇಂಥದ್ದು, ಮಿತಿ ಇಷ್ಟು ಎಂದು ಹೇಳಿ. ನೀವು ಏನಾದರೂ ಕೆಡಿಸಿದ್ದರೆ ಅದನ್ನೂ ಹೇಳಿ, ವೈದ್ಯರ ಮುಂದೆ ಮುಚ್ಚಿಟ್ಟಂತಾಗಬಾರದು. ಕೆಲಸಕ್ಕೆ ಮೊದಲು ಎಷ್ಟಾಗಬಹುದೆಂದು ಕೇಳಿ, ಬದಲಿಸಿದ ಹಳೆಯ ಭಾಗಗಳನ್ನು ವಾಪಸ್ ಕೇಳಿ, ಬಿಲ್ಲು ಪಡೆಯಿರಿ. ಅವನ ಮೇಜಿನ ಮೇಲೆ, ಅವನ ಎದುರಿಗೇ ತೂಗಿ ನೋಡಿ. ಒಳ್ಳೆಯ ಕೆಲಸಗಾರ ಅದಕ್ಕೆ ಬೇಸರಪಡುವುದಿಲ್ಲ, ಬಹುಶಃ ತನ್ನ ತೂಕವನ್ನೇ ಮುಂದೆ ತಳ್ಳುತ್ತಾನೆ.

ಮನೆಗೆ ತಂದ ಮೇಲೆ ನೇರವಾಗಿ ಪೆಲೆಟ್ ಹಾಕಬೇಡಿ. ಮರುದಿನ ರೇಂಜಿಗೆ ಒಯ್ದು ಹಂತ 1, 2, 6 ಮೂರನ್ನೂ ಮತ್ತೆ ಮಾಡಿ, ಪುಸ್ತಕದ ಹೊಸ ಪುಟದಲ್ಲಿ ದಿನಾಂಕ ಹಾಕಿ ಐದು ಅಳತೆ ಬರೆಯಿರಿ. ಆ ಪುಟವನ್ನು ಮುಂದಿನ ಸ್ಪರ್ಧೆಯ ಹಿಂದಿನ ಸಂಜೆ ಮತ್ತೆ ತೆರೆಯಬೇಕಾಗುತ್ತದೆ.